ಒಳಗೆ 76, ಹೊರಗೆ 29: ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕವೊಂದರ ಪ್ರಕರಣ

ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಕೈಗೆ ಬಂದ ಕೂಡಲೇ ವಾಷಿಂಗ್ ಮಾಲೀಕರು ಓಡುವುದು ಇಟಿಪಿ, ಅಂದರೆ ತ್ಯಾಜ್ಯನೀರು ಸಂಸ್ಕರಣಾ ಘಟಕದ ಹತ್ತಿರಕ್ಕೆ. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ತಿರುಗುತ್ತಿದೆಯೇ, ಹೊರಗೆ ಬರುವ ನೀರು ತಿಳಿಯಾಗಿದೆಯೇ ಎಂದು ಬಗ್ಗಿ ನೋಡುತ್ತಾರೆ. ಈ ಪ್ರಕರಣದಲ್ಲಿ ಗಂಟು ಬಿದ್ದಿದ್ದು ಆಫೀಸಿನ ಮೇಜಿನ ಮೇಲೆ, ಮೊಳೆಗೆ ಚುಚ್ಚಿಟ್ಟ ಟ್ಯಾಂಕರ್ ರಸೀದಿಗಳಲ್ಲಿ.

ಇಲ್ಲಿ ಬರುವ ಘಟಕ ಒಂದು ಮಾದರಿ. ಜೀನ್ಸ್ ವಾಷಿಂಗ್ ಘಟಕಗಳಲ್ಲಿ ಸಾಮಾನ್ಯವಾಗಿ ಕಾಣುವ ಯಂತ್ರ, ರೆಸಿಪಿ, ತಪ್ಪುಗಳನ್ನು ಬಳ್ಳಾರಿ ನಗರದ ಹೊರವಲಯದ ಒಂದು ಛಾವಣಿಯಡಿ ಸೇರಿಸಿ ಕಟ್ಟಿದ್ದು. ಪೀಸು, ನೀರು, ದಿನಗಳ ಅಂಕಿ ಲೆಕ್ಕ ತೋರಿಸಲು ಹಿಡಿದವು. ಕಾನೂನಿನ ಕಲಂ, ಮಿತಿ, ಸೂತ್ರ ಮಾತ್ರ ಇರುವಂತೆಯೇ ಇವೆ.

ಏನಾಯಿತು

ಘಟಕ ಜಾಬ್ ವರ್ಕ್ ಮಾಡುತ್ತದೆ. ಹೊಲಿದ ಪ್ಯಾಂಟು ಬರುತ್ತದೆ, ತೊಳೆದು, ಕಲ್ಲಿನಲ್ಲಿ ಉಜ್ಜಿ, ಬೇಕಾದವಕ್ಕೆ ಬ್ಲೀಚ್ ಮತ್ತು ಪಿಪಿ (ಪೊಟ್ಯಾಸಿಯಂ ಪರ್ಮಾಂಗನೇಟ್) ಸ್ಪ್ರೇ ಕೊಟ್ಟು ವಾಪಸ್ ಹೋಗುತ್ತದೆ. ಕಾರ್ಯಾಚರಣೆ ಸಮ್ಮತಿ, ಅಂದರೆ ಎಲ್ಲರೂ ಸಿಎಫ್‌ಒ ಎನ್ನುವ ಪತ್ರದಲ್ಲಿ ಇದ್ದದ್ದು 60 ಕಿಲೋ ಸಾಮರ್ಥ್ಯದ 4 ಯಂತ್ರ, ದಿನಕ್ಕೆ 33 ಕಿಲೋಲೀಟರ್ ನೀರು, 30 ಕಿಲೋಲೀಟರ್ ತ್ಯಾಜ್ಯನೀರು, ಅಷ್ಟೇ ಸಾಮರ್ಥ್ಯದ ಇಟಿಪಿ. ಪರಿಶೀಲನೆಯ ದಿನ ಶೆಡ್ಡಿನಲ್ಲಿದ್ದವು 7 ಯಂತ್ರ. ಹೆಚ್ಚಿನ ಮೂರನ್ನು ಎರಡು ವರ್ಷದ ಹಿಂದೆ ಸೀಸನ್ ಜೋರಾಗಿದ್ದಾಗ ತಂದು ಕೂರಿಸಿದ್ದು. ಹಳೆಯ ಗಟಾರ ಸಾಲದೆ ಅವುಗಳ ನೀರು ಹೊರಬಿಡುವ ಡಂಪ್ ವಾಲ್ವ್‌ಗಳನ್ನು ಮಳೆನೀರಿನ ಚರಂಡಿಗೆ ಜೋಡಿಸಿದ್ದರು. ಆ ಚರಂಡಿ ಕಾಂಪೌಂಡ್ ದಾಟಿ, ಹೊಲಗಳ ನಡುವಿನ ಹಳ್ಳ ಸೇರಿ, ಹಗರಿ ನದಿ ಕಡೆಗೆ ಇಳಿಯುತ್ತದೆ. ಹಳ್ಳದ ನೀರು ನೀಲಿಯಾಗಿದೆ ಎಂದು ಮೆಣಸಿನಕಾಯಿ ಬೆಳೆಯುವ ರೈತರು ಫೋಟೋ ಸಮೇತ ದೂರು ಕೊಟ್ಟಿದ್ದರಿಂದ ಅಧಿಕಾರಿಗಳು ಬಂದರು.

ಮಹಜರಿನಲ್ಲಿ ಬರೆದದ್ದು ಇಷ್ಟು: ಮಳೆನೀರಿನ ಚರಂಡಿಯಲ್ಲಿ ನೀಲಿ ನೀರು ಹರಿಯುತ್ತಿದೆ, ಏರೇಷನ್ ಬ್ಲೋವರ್ ನಿಂತಿದೆ, ಇನ್‌ಲೆಟ್ ಮೀಟರ್ ಕೆಟ್ಟಿದೆ, ಕಾಂಪೌಂಡ್ ಪಕ್ಕ ಮುಚ್ಚಿಗೆಯಿಲ್ಲದೆ ಸ್ಲಡ್ಜ್ (ಸಂಸ್ಕರಣೆಯಲ್ಲಿ ಉಳಿದ ಕೆಸರು) ಚೀಲಗಳು ಬಿದ್ದಿವೆ, ತಿರುಗುತ್ತಿರುವ ಯಂತ್ರಗಳ ಸಂಖ್ಯೆ ಸಮ್ಮತಿಗಿಂತ ಹೆಚ್ಚು. ಜೊತೆಗೆ ಮಾದರಿ ತೆಗೆದುಕೊಂಡರು. ಲ್ಯಾಬಿನ ಫಲಿತಾಂಶ: ಪಿಎಚ್ 9.4, ತೇಲುಘನ 410, ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಕಳೆಯಲು ಬೇಕಾದ ಆಮ್ಲಜನಕ) 980, ಬಿಒಡಿ (ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಬೇಕಾದ ಆಮ್ಲಜನಕ) 240, ಟಿಡಿಎಸ್ (ಕರಗಿದ ಉಪ್ಪು) 3,900, ಬಣ್ಣ 640. ಬಣ್ಣಕ್ಕೆ ಪ್ಲಾಟಿನಂ ಕೋಬಾಲ್ಟ್ ಮಾನ. ಪಿಎಚ್ ಬಿಟ್ಟು ಉಳಿದದ್ದು ಲೀಟರಿಗೆ ಮಿಲಿಗ್ರಾಂ.

ಜವಳಿ ಘಟಕಗಳಿಗೆ 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪರಿಸರ ಸಂರಕ್ಷಣಾ ನಿಯಮಗಳ ತಿದ್ದುಪಡಿ ಮೂಲಕ ಹಾಕಿದ ಮಿತಿ: ಪಿಎಚ್ 6.5ರಿಂದ 8.5, ತೇಲುಘನ 100, ಬಿಒಡಿ 30, ಸಿಒಡಿ 250, ಎಣ್ಣೆ ಜಿಡ್ಡು 10, ಬಣ್ಣ 150, ಸಲ್ಫೈಡ್ 2, ಟಿಡಿಎಸ್ 2,100. ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಮಿತಿ ಇದ್ದರೆ ಅದೇ ಅನ್ವಯ. ಅಂದರೆ ಮಾದರಿಯಲ್ಲಿ ಒಂದು ಅಂಕಿಯೂ ಪಾಸಾಗಿಲ್ಲ.

ನೀರಿನ ಲೆಕ್ಕ

ವಾಷಿಂಗ್‌ನಲ್ಲಿ ನೀರು ಎಲ್ಲೂ ಕಳೆದುಹೋಗುವುದಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಂಗ್ ಟವರ್‌ನಿಂದ ನೀರು ಆವಿಯಾಗುತ್ತದೆ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬೇ ನೀರು ತರುತ್ತದೆ. ಇಲ್ಲಿ ಯಂತ್ರಕ್ಕೆ ಹೋದದ್ದು ಹೆಚ್ಚುಕಡಿಮೆ ಅಷ್ಟೇ ಹೊರಬರುತ್ತದೆ. ಆದ್ದರಿಂದ ಪೀಸಿನ ಲೆಕ್ಕ ಗೊತ್ತಿದ್ದವರಿಗೆ ಗಟಾರದ ಲೆಕ್ಕ ಹೇಳಲು ಮೀಟರೇ ಬೇಡ.

ಒಂದು ಪ್ಯಾಂಟು 600 ಗ್ರಾಂ. 60 ಕಿಲೋ ಯಂತ್ರಕ್ಕೆ 100 ಪೀಸು. ಕಿಲೋಗೆ 8 ಲೀಟರಿನಂತೆ ಒಂದು ಬಾತ್, ಅಂದರೆ ಯಂತ್ರಕ್ಕೆ ಒಮ್ಮೆ ತುಂಬಿ ಬಿಡುವ ನೀರು, 480 ಲೀಟರ್, ಪೀಸಿಗೆ 4.8 ಲೀಟರ್. ಗಾಢ ಬಣ್ಣದ ಸಾದಾ ಲಾಟಿಗೆ ಡಿಸೈಜ್ (ಬಟ್ಟೆಯ ಗಂಜಿ ತೆಗೆಯುವುದು), ಎರಡು ತೊಳೆತ, ಎಂಜೈಮ್ ಸ್ಟೋನ್ ವಾಷ್, ಎರಡು ತೊಳೆತ, ಸಾಫ್ಟ್‌ನರ್ ಸೇರಿ 7 ಬಾತ್: ಪೀಸಿಗೆ 33.6 ಲೀಟರ್. ಬ್ಲೀಚ್ ಲಾಟಿಗೆ ಇದರ ಮೇಲೆ ಬ್ಲೀಚ್, ತೊಳೆತ, ನ್ಯೂಟ್ರಲೈಜ್, ಮತ್ತೆ ತೊಳೆತ ಸೇರಿ 11 ಬಾತ್: 52.8 ಲೀಟರ್. ಈ ಘಟಕದಲ್ಲಿ ದಿನಕ್ಕೆ 1,200 ಸಾದಾ, 600 ಬ್ಲೀಚ್ ಪೀಸು. ಮೊದಲನೆಯದಕ್ಕೆ 40.3, ಎರಡನೆಯದಕ್ಕೆ 31.7, ಒಟ್ಟು 72 ಕಿಲೋಲೀಟರ್.

ಹೈಡ್ರೋ ಯಂತ್ರದಲ್ಲಿ ಹಿಂಡಿದ ಮೇಲೆ ಬಟ್ಟೆಯಲ್ಲಿ ಅದರ ತೂಕದ ಶೇ 60ರಷ್ಟು ನೀರು ಉಳಿಯುತ್ತದೆ ಎಂದುಕೊಳ್ಳಿ. 1,080 ಕಿಲೋ ಬಟ್ಟೆಗೆ 650 ಲೀಟರ್, ಡ್ರೈಯರ್‌ನಲ್ಲಿ ಆವಿ. ಇಡೀ ದಿನದಲ್ಲಿ ಕಾಣೆಯಾಗುವ ನೀರು ಮುಕ್ಕಾಲು ಕಿಲೋಲೀಟರೂ ಇಲ್ಲ. ನೆಲ ತೊಳೆದದ್ದು, ಬಾಯ್ಲರಿನಿಂದ ಹೊರಬಿಟ್ಟ ನೀರು (ಬ್ಲೋಡೌನ್) ಸೇರಿಸಿದರೆ ಹೊರಗೆ ಬರಲೇಬೇಕಾದದ್ದು ಸುಮಾರು 73.

ಈಗ ಖರೀದಿ ಕಡೆ ನೋಡೋಣ. ಕೊಳವೆಬಾವಿ ಮೀಟರ್ ದಿನಕ್ಕೆ 40. ಟ್ಯಾಂಕರ್ ರಸೀದಿ 12 ಸಾವಿರ ಲೀಟರಿನವು ಮೂರು, 36. ಒಳಗೆ ಬಂದದ್ದು 76. ಪ್ರಕ್ರಿಯೆಗೆ 72, ಬಾಯ್ಲರ್ ಮತ್ತು ನೆಲಕ್ಕೆ 3, ಕೆಲಸಗಾರರ ಬಳಕೆಗೆ 1. ಲೆಕ್ಕ ಕೂಡಿತು.

ಇಟಿಪಿ ಲಾಗ್ ಪುಸ್ತಕದಲ್ಲಿ ಮಾತ್ರ ಪ್ರತಿದಿನ 29. ಒಂದು ದಿನವೂ 27 ಇಲ್ಲ, 31 ಇಲ್ಲ. ಘಟಕ ಮುಚ್ಚಿರುವ ಭಾನುವಾರವೂ 29. ಬರೆದವರು ಮಿತಿಯೊಳಗೆ ಇರಲಿ ಎಂದು ಬರೆದರು. ಓದಿದವರಿಗೆ ಅದು ಮಿಕ್ಕ 44 ಕಿಲೋಲೀಟರ್ ಎಲ್ಲಿ ಹೋಯಿತು ಎಂಬ ಪ್ರಶ್ನೆಯಾಗಿ ಕಂಡಿತು. ಚರಂಡಿಯ ನೀಲಿ ನೀರು ಅದಕ್ಕೆ ಉತ್ತರವಾಗಿ ಪಕ್ಕದಲ್ಲೇ ಹರಿಯುತ್ತಿತ್ತು.

29ನ್ನಾದರೂ ಸಂಸ್ಕರಿಸಿದ್ದರೇ ಎಂದರೆ ಅದೂ ಇಲ್ಲ. 3 ಕಿಲೋವ್ಯಾಟ್ ಬ್ಲೋವರ್ ದಿನಕ್ಕೆ 20 ಗಂಟೆ ಓಡಿದರೆ 60 ಯೂನಿಟ್, 26 ದಿನಕ್ಕೆ 1,560. ಇಟಿಪಿ ಸಬ್‌ಮೀಟರ್ ತೋರಿಸಿದ್ದು ತಿಂಗಳಿಗೆ 380. ಬೇರೆ ಪಂಪು ಒಂದೂ ಇಲ್ಲ ಎಂದುಕೊಂಡರೂ ಬ್ಲೋವರ್ ಓಡಿದ್ದು ದಿನಕ್ಕೆ ಐದು ಗಂಟೆಗಿಂತ ಕಡಿಮೆ. ಬಣ್ಣ ಕೆಳಗಿಳಿಸುವ ಫೆರಸ್ ಸಲ್ಫೇಟ್ ಲೀಟರಿಗೆ 400 ಮಿ.ಗ್ರಾಂ. ಹಾಕುತ್ತೇವೆ ಎಂದು ಬರೆದಿತ್ತು. ಹಾಗಾದರೆ 29 ಕಿಲೋಲೀಟರಿಗೆ 11.6 ಕಿಲೋ, ತಿಂಗಳಿಗೆ 300 ಕಿಲೋ ಬೇಕು. ಬಿಲ್ ಇದ್ದದ್ದು 50 ಕಿಲೋದ ಒಂದು ಚೀಲಕ್ಕೆ. ಒಂದು ಚೀಲ 125 ಕಿಲೋಲೀಟರಿಗೆ ಆಗುತ್ತದೆ, ನಾಲ್ಕು ದಿನದ ನೀರಿಗೆ. ಸ್ಲಡ್ಜ್ ಕೂಡ ಹಾಗೇ: ಕಿಲೋಲೀಟರಿಗೆ ಅರ್ಧ ಕಿಲೋ ಒಣ ಘನ ಎಂದು ಹಿಡಿದು, ಒಣಗಿಸುವ ಹಾಸಿನ ಮೇಲೆ ಆರಿ ಶೇ 30 ಘನವಾದಾಗ ದಿನಕ್ಕೆ 48 ಕಿಲೋ, ತಿಂಗಳಿಗೆ ಒಂದೂಕಾಲು ಟನ್. ಅಪಾಯಕಾರಿ ತ್ಯಾಜ್ಯದ ಲೆಕ್ಕ ಬರೆಯುವ ನಮೂನೆ 3ರಲ್ಲಿ ದಾಖಲಾದದ್ದು 90 ಕಿಲೋ.

ಕರೆಂಟ್ ಬಿಲ್, ಕೆಮಿಕಲ್ ಬಿಲ್, ಟ್ಯಾಂಕರ್ ರಸೀದಿ, ಸ್ಲಡ್ಜ್ ಪುಸ್ತಕ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಫೈಲು ನಿಂತಿತ್ತು. ಪರಿಶೀಲನೆಗೆ ಬಂದವರು ಮೊದಲು ಕೇಳಿದ್ದೇ ಅವನ್ನು.

ಇಟಿಪಿ ಏಕೆ ಸತ್ತಿತ್ತು

ಬ್ಲೋವರ್ ನಿಲ್ಲಿಸಿದ್ದು ಕರೆಂಟ್ ಉಳಿಸಲು ಎಂದು ಸುಲಭವಾಗಿ ಹೇಳಬಹುದು. ಆಪರೇಟರ್ ಹೇಳಿದ್ದು ಬೇರೆ: "ಓಡಿಸಿದರೂ ಅಷ್ಟೆ, ಓಡಿಸದಿದ್ದರೂ ಅಷ್ಟೆ." ಅದರಲ್ಲಿ ಸತ್ಯವಿದೆ.

ಸಮೀಕರಣ ತೊಟ್ಟಿ, ಅಂದರೆ ಬೇರೆಬೇರೆ ಬಾತ್‌ಗಳ ನೀರು ಬೆರೆತು ಒಂದು ಹದಕ್ಕೆ ಬರುವ ತೊಟ್ಟಿ, 10 ಕಿಲೋಲೀಟರಿನದು. ಪ್ಯೂಮಿಸ್ ಕಲ್ಲು ಸವೆದು ಬಂದ ಮರಳು ಅದರಲ್ಲಿ 3 ಕಿಲೋಲೀಟರ್ ಜಾಗ ತಿಂದಿತ್ತು. ಮರಳು ತಡೆಯುವ ಗುಂಡಿಯೇ ಇರಲಿಲ್ಲ. ಉಳಿದದ್ದು 7. ಎಲ್ಲ 73 ಇಟಿಪಿಗೇ ಬಂದಿದ್ದರೆ 12 ಗಂಟೆ ಪಾಳಿಯಲ್ಲಿ ಗಂಟೆಗೆ 6; ನೀರು ಅಲ್ಲಿ ನಿಲ್ಲುವುದು ಒಂದು ಗಂಟೆ ಚಿಲ್ಲರೆ. ಅಷ್ಟರಲ್ಲಿ ಏನೂ ಬೆರೆಯದು. ಎಂಜೈಮ್ ಬಾತ್ 50 ಡಿಗ್ರಿ ಬಿಸಿ, ಪಿಎಚ್ ಐದರ ಆಸುಪಾಸು. ಹತ್ತು ನಿಮಿಷದ ಮೇಲೆ ಬ್ಲೀಚ್ ಬಾತ್, ಪಿಎಚ್ ಹತ್ತು ಹನ್ನೊಂದು. ರಿಯಾಕ್ಷನ್ ತೊಟ್ಟಿಯಲ್ಲಿ ಸುಣ್ಣ, ಫೆರಸ್ ಅಳತೆ ಒಂದೇ ಇಟ್ಟರೆ ಒಮ್ಮೆ ಗರಣೆ ಕಟ್ಟುತ್ತದೆ, ಇನ್ನೊಮ್ಮೆ ಹಾಲಿನಂತೆ ಕಲಕಿ ಹಾಗೇ ಮುಂದೆ ಹೋಗುತ್ತದೆ.

ಅದಕ್ಕಿಂತ ದೊಡ್ಡ ಹೊಡೆತ ಹೈಪೋಕ್ಲೋರೈಟ್‌ನದು. ಬ್ಲೀಚ್ ಬಾತ್‌ನಲ್ಲಿ ಉಳಿದ ಕ್ಲೋರಿನ್ ಏರೇಷನ್ ತೊಟ್ಟಿಗೆ ಬಂದರೆ ಅಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಗಂಟೆಗಳಲ್ಲಿ ಸಾಯುತ್ತವೆ. ನಾವು ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದೇ ಅದಕ್ಕೆ. ಮತ್ತೆ ಬೆಳೆಸಲು ಎರಡು ಮೂರು ವಾರ. ವಾರಕ್ಕೆ ಆರು ದಿನ ಬ್ಲೀಚ್ ಲಾಟು ಓಡುವಲ್ಲಿ ಬೆಳೆಸುವ ಮಾತೇ ಇಲ್ಲ. ತೊಟ್ಟಿಯಲ್ಲಿ ಇದ್ದದ್ದು ನೀಲಿ ನೀರು, ಅದಕ್ಕೆ ಗಾಳಿ. ಆಪರೇಟರ್ ಮಾತು ಹುಟ್ಟಿದ್ದು ಇಲ್ಲಿಂದ.

ಪರಿಹಾರ ಇಟಿಪಿಯಲ್ಲಿ ಹುಡುಕುವುದಕ್ಕಿಂತ ಯಂತ್ರದ ಬಾಯಲ್ಲೇ ಮಾಡುವುದು ಅಗ್ಗ. ಬ್ಲೀಚ್ ಬಾತ್ ಡಂಪ್ ಮಾಡುವ ಮೊದಲು ಅದೇ ಯಂತ್ರದಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಅಥವಾ ಥಯೋಸಲ್ಫೇಟ್ ಹಾಕಿ ತಿರುಗಿಸಿ, ಪೊಟ್ಯಾಸಿಯಂ ಅಯೋಡೈಡ್ ಪಿಷ್ಟದ ಕಾಗದ ಅದ್ದಿ ನೋಡಬೇಕು. ಕಾಗದ ನೀಲಿಯಾದರೆ ಕ್ಲೋರಿನ್ ಇನ್ನೂ ಇದೆ, ವಾಲ್ವ್ ತೆರೆಯಬೇಡಿ. ಪಿಪಿ ಸ್ಪ್ರೇಯ ಪರ್ಮಾಂಗನೇಟ್‌ಗೂ ಮೆಟಾಬೈಸಲ್ಫೈಟೇ ಮದ್ದು. ಆದರೆ ಕಂದು ಬಣ್ಣ ಹೋಯಿತೆಂದು ಮ್ಯಾಂಗನೀಸ್ ಹೋಗುವುದಿಲ್ಲ; ಅದು ಕರಗಿ ಕೂತಿರುತ್ತದೆ, ಪಿಎಚ್ ಒಂಬತ್ತು ದಾಟಿದ ಮೇಲೆ ಕೆಳಗಿಳಿಯುತ್ತದೆ. ಬಿಳಿ ಪ್ಯಾಚಿನ ಪ್ಯಾಂಟು ಹೆಚ್ಚು ಮಾಡುವವರು ಇದನ್ನು ಮರೆಯಬಾರದು.

ಬಣ್ಣದ ಬಗ್ಗೆಯೂ ಒಂದು ಮಾತು. ಇಂಡಿಗೊ ಉತ್ಕರ್ಷಿತ ರೂಪದಲ್ಲಿ ನೀರಿನಲ್ಲಿ ಕರಗುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತದೆ. ಹೀಗಾಗಿ ಫೆರಸ್, ಸುಣ್ಣಕ್ಕೆ ಚೆನ್ನಾಗಿ ಬಗ್ಗುತ್ತದೆ. ಕಪ್ಪು ಜೀನ್ಸಿನ ಸಲ್ಫರ್ ಬಣ್ಣ ಸಲ್ಫೈಡ್ ತರುತ್ತದೆ. ಫೆರಸ್ ಅದನ್ನೂ ಕಪ್ಪು ಗರಣೆಯಾಗಿ ಹಿಡಿಯುತ್ತದೆ, ಆಲಮ್‌ಗೆ ಆ ಗುಣವಿಲ್ಲ. ಟಿಂಟ್‌ಗೆ, ಅಂದರೆ ಮೇಲಿನ ತೆಳು ಬಣ್ಣಕ್ಕೆ, ಹಾಕುವ ರಿಯಾಕ್ಟಿವ್ ಬಣ್ಣ ಮಾತ್ರ ಪೂರ್ತಿ ಕರಗಿರುತ್ತದೆ, ಯಾವ ಸುಣ್ಣಕ್ಕೂ ಸಿಗದು. ನೀಲಿ ಹೋಗಿ ತೆಳು ಕೆಂಪೋ ಹಳದಿಯೋ ಉಳಿದರೆ ಡೋಸ್ ಏರಿಸುತ್ತಾ ಹೋಗುವುದು ದಂಡ. ಟಿಂಟ್ ರೆಸಿಪಿ ಬದಲಿಸಬೇಕು ಇಲ್ಲವೇ ಆ ಬಾತನ್ನು ಬೇರೆ ಹಿಡಿಯಬೇಕು. ಅಂದಾಜಿಗಿಂತ ಜಾರ್ ಟೆಸ್ಟ್ ಲೇಸು: ಒಂದೊಂದು ಲೀಟರಿನ ಆರು ಗಾಜಿನ ಪಾತ್ರೆ, 200ರಿಂದ 700 ಮಿ.ಗ್ರಾಂ. ತನಕ ಆರು ಡೋಸ್, ಪಿಎಚ್ ಎಂಟೂವರೆಗೆ ತಂದು, ಅರ್ಧ ಗಂಟೆ ಬಿಟ್ಟು ನೋಡುವುದು. ಲಾಟು ಬದಲಾದ ದಿನ ಮತ್ತೆ.

ಮಾದರಿ ತೆಗೆದ ಹದಿನೈದು ನಿಮಿಷ

ಘಟಕದ ಪರವಾಗಿ ಹೇಳಬಹುದಾಗಿದ್ದ ಒಂದೇ ಒಂದು ಮಾತು ಈ ಹದಿನೈದು ನಿಮಿಷದಲ್ಲಿ ಹೋಯಿತು. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾದರಿ ತೆಗೆಯುವವರು ಮೊದಲು ನೋಟಿಸು ಕೊಡಬೇಕು, ಮಾಲೀಕರ ಅಥವಾ ಅವರ ಕಡೆಯವರ ಎದುರೇ ಮಾದರಿಯನ್ನು ಎರಡು ಭಾಗ ಮಾಡಿ, ಸೀಲು ಹಾಕಿ, ಎರಡೂ ಕಡೆಯವರು ಸಹಿ ಮಾಡಬೇಕು. ಕೇಳಿಕೊಂಡರೆ ಎರಡನೇ ಭಾಗ ಕಾಯ್ದೆಯಡಿ ಗೊತ್ತುಪಡಿಸಿದ ಬೇರೆ ಲ್ಯಾಬಿಗೆ ಹೋಗುತ್ತದೆ. ಕೇಳಿಕೊಳ್ಳಬೇಕಾದದ್ದು ಅಲ್ಲೇ, ಆಗಲೇ. ಇಲ್ಲಿ ಸೂಪರ್‌ವೈಸರ್ ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಟೀ ತರಿಸಿ ಕಳಿಸಿಕೊಟ್ಟರು. ಮಾದರಿ ತೆಗೆದದ್ದು ಮಳೆನೀರಿನ ಚರಂಡಿಯಲ್ಲಿ. ಕಾಗದದಲ್ಲಿ "ಅಂತಿಮ ಹೊರಹರಿವು" ಎಂದಿತ್ತು. ಇಟಿಪಿ ಔಟ್‌ಲೆಟ್ ಬೇರೆಯೇ ಇತ್ತು. ಮೂರು ತಿಂಗಳ ಮೇಲೆ ವಕೀಲರು ಈ ವ್ಯತ್ಯಾಸ ಎತ್ತಿದಾಗ ಎದುರಿಗೆ ಬಂದದ್ದು ಸೂಪರ್‌ವೈಸರ್ ಸಹಿ.

ವಾದ ಗೆದ್ದಿದ್ದರೂ ಎಷ್ಟು ಉಪಯೋಗವಾಗುತ್ತಿತ್ತು ಎಂಬುದು ಬೇರೆ ಮಾತು. ಸಂಸ್ಕರಿಸದ ನೀರು ಮಳೆ ಚರಂಡಿಯಲ್ಲಿ ಸಿಕ್ಕಿತೆಂದರೆ ಅದು ಇಟಿಪಿ ಔಟ್‌ಲೆಟ್‌ನಲ್ಲಿ ಸಿಕ್ಕಿದ್ದಕ್ಕಿಂತ ಕೆಟ್ಟದ್ದು, ಬೈಪಾಸ್. ಆದರೂ ಜಾಗ, ಸಮಯ, ಆಗ ಯಾವ ಯಂತ್ರ ಡಂಪ್ ಆಗುತ್ತಿತ್ತು ಎಂಬುದನ್ನು ಮಹಜರಿನಲ್ಲೇ ಬರೆಸಬೇಕು. ಬರೆಯದಿದ್ದರೆ ಸಹಿಯ ಮೇಲೆ ಒಂದು ಸಾಲು ಷರಾ ಬರೆಯಲು ಯಾರೂ ಅಡ್ಡಿ ಮಾಡುವಂತಿಲ್ಲ.

ಉತ್ತರ, ಮುಚ್ಚುವ ಆದೇಶ

ಪರಿಶೀಲನೆಯಾದ 12ನೇ ದಿನ ನೋಟಿಸು: 33ಎ ಕಲಂನಡಿ ಮುಚ್ಚುವ ನಿರ್ದೇಶನ ಏಕೆ ಕೊಡಬಾರದು? 27ನೇ ದಿನ ಹೋದ ಉತ್ತರ ಅರ್ಧ ಪುಟ. ಘಟಕ ಎಲ್ಲ ನಿಯಮ ಪಾಲಿಸುತ್ತಿದೆ, ಆ ದಿನ ವಿದ್ಯುತ್ ಕಡಿತದಿಂದ ಬ್ಲೋವರ್ ನಿಂತಿತ್ತು, ಇನ್ನು ಮುಂದೆ ಎಚ್ಚರ ವಹಿಸುತ್ತೇವೆ. ಜೆಸ್ಕಾಂ ಫೀಡರ್ ದಾಖಲೆಯಲ್ಲಿ ಆ ಹೊತ್ತಿಗೆ ಕರೆಂಟ್ ಇತ್ತು. ಅದಿರಲಿ, ಅದೇ ಹೊತ್ತಿಗೆ 7 ಯಂತ್ರ ತಿರುಗುತ್ತಿದ್ದವು ಎಂದು ಮಹಜರೇ ಹೇಳುತ್ತದೆ. ಇಂಥ ಉತ್ತರಕ್ಕಿಂತ ಉತ್ತರ ಕೊಡದಿದ್ದರೇ ವಾಸಿಯಿತ್ತು.

ಹೆಚ್ಚುವರಿ ಯಂತ್ರಗಳ ಬಗ್ಗೆ ಮಾಲೀಕರ ವಾದ ಇನ್ನೊಂದಿತ್ತು: ವಿಸ್ತರಣೆಗೆ ಆನ್‌ಲೈನ್ ಅರ್ಜಿ ಹಾಕಿ ಐದು ತಿಂಗಳಾಯಿತು, ನಾಲ್ಕು ತಿಂಗಳಲ್ಲಿ ಉತ್ತರ ಬರದಿದ್ದರೆ ಸಮ್ಮತಿ ಸಿಕ್ಕಂತೆ ಎಂದು ಕಾಯ್ದೆಯೇ ಹೇಳುತ್ತದಲ್ಲ. 25ನೇ ಕಲಂನ 7ನೇ ಉಪಕಲಂ ಹೇಳುವುದು ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿಯ ಬಗ್ಗೆ. ಈ ಅರ್ಜಿ ಪೋರ್ಟಲ್‌ನಲ್ಲಿ ಆಕ್ಷೇಪಣೆಯೊಂದಿಗೆ ವಾಪಸಾಗಿ, ಉತ್ತರವಿಲ್ಲದೆ ಬಿದ್ದಿತ್ತು. ಆಕ್ಷೇಪಣೆ ಏನು? ನೀರಿನ ಸಮತೋಲನ ಪಟ್ಟಿ ಕೊಡಿ ಎಂದು. ಸಾಲದ್ದಕ್ಕೆ ಶುಲ್ಕದ ಲೆಕ್ಕಕ್ಕೆ ಲಗತ್ತಿಸಿದ ಲೆಕ್ಕಪರಿಶೋಧಕರ ಬಂಡವಾಳ ಪ್ರಮಾಣಪತ್ರದಲ್ಲಿ ಮೂರು ಯಂತ್ರಗಳ ಖರೀದಿ ವರ್ಷ ನಮೂದಾಗಿತ್ತು. ಸ್ಥಾಪನಾ ಸಮ್ಮತಿ ಕೇಳುವ ಮೊದಲೇ ಸ್ಥಾಪಿಸಿದ್ದಕ್ಕೆ ಘಟಕವೇ ಕೊಟ್ಟ ಸಾಕ್ಷಿ ಅದು.

40ನೇ ದಿನ ಮುಚ್ಚುವ ನಿರ್ದೇಶನ ಬಂತು, ಪ್ರತಿ ಜೆಸ್ಕಾಂಗೆ. 42ನೇ ದಿನ ಕರೆಂಟ್ ಹೋಯಿತು. 33ಎ ಕಲಂನಲ್ಲಿ ವಿದ್ಯುತ್, ನೀರು, ಇತರ ಸೇವೆ ನಿಲ್ಲಿಸುವ ಅಧಿಕಾರ ಸ್ಪಷ್ಟವಾಗಿಯೇ ಇದೆ. ಇದರ ವಿರುದ್ಧ ಮೇಲ್ಮನವಿ ಹೋಗುವುದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ, ನಮಗೆ ಚೆನ್ನೈ ಪೀಠ, 30 ದಿನದೊಳಗೆ. ಸಮ್ಮತಿ ನಿರಾಕರಿಸಿದ ಆದೇಶದ ವಿರುದ್ಧವಾದರೆ ದಾರಿ ಬೇರೆ, 28ನೇ ಕಲಂನ ಮೇಲ್ಮನವಿ ಪ್ರಾಧಿಕಾರ. ಎರಡನ್ನು ಅದಲುಬದಲು ಮಾಡಿ ಗಡುವು ಕಳೆದುಕೊಳ್ಳುವವರಿದ್ದಾರೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ತಡೆ ಸಿಗುವುದಿಲ್ಲ. ಈ ಘಟಕಕ್ಕೆ ಚೆನ್ನೈಗೆ ಹೋಗಿ ಹೇಳಲು ಏನೂ ಇರಲಿಲ್ಲ. ಅಲ್ಲಿಗೆ ಹಾಕುವ ದುಡ್ಡನ್ನು ತೊಟ್ಟಿಗೆ ಹಾಕಿದ್ದು ಸರಿಯಾದ ತೀರ್ಮಾನ.

ದಂಡದ ಗುಣಾಕಾರ

ಪರಿಸರ ಪರಿಹಾರಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಐದು ಅಂಕಿಗಳ ಗುಣಾಕಾರ. ಹೆಚ್ಚು ಮಾಲಿನ್ಯದ ಉದ್ಯಮಗಳ ಕೆಂಪು ವರ್ಗಕ್ಕೆ ಮಾಲಿನ್ಯ ಸೂಚ್ಯಂಕ 80 (ಕಿತ್ತಳೆಗೆ 50, ಹಸಿರಿಗೆ 30), ಉಲ್ಲಂಘನೆಯ ದಿನಗಳು, ರೂಪಾಯಿ ಗುಣಾಂಕ 100ರಿಂದ 500ರೊಳಗೆ ಸಾಮಾನ್ಯವಾಗಿ 250, ಸಣ್ಣ ಘಟಕಕ್ಕೆ 0.5, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ 1. ಗುಣಿಸಿದರೆ ದಿನಕ್ಕೆ 10,000 ರೂಪಾಯಿ. ದಿನಕ್ಕೆ 5,000ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಇದರಲ್ಲಿ ಘಟಕದ ಕೈಯಲ್ಲಿರುವುದು ದಿನಗಳ ಸಂಖ್ಯೆ ಮಾತ್ರ. ಅದು ನಿಲ್ಲುವುದು ಕೆಲಸ ಮುಗಿದ ದಿನವಲ್ಲ, ಮಂಡಳಿಯವರು ಬಂದು ಸರಿಯಾಗಿದೆ ಎಂದು ಬರೆದ ದಿನ. ಇಲ್ಲಿ ಕೆಲಸ ಮುಗಿದದ್ದು 104ನೇ ದಿನ, ಪರಿಶೀಲನೆ 118ನೇ ದಿನ. ನಡುವಿನ 14 ದಿನಕ್ಕೆ 1 ಲಕ್ಷ 40 ಸಾವಿರ; ಒಟ್ಟು 11 ಲಕ್ಷ 80 ಸಾವಿರ. ಮುಗಿದ ಕೂಡಲೇ ಪರಿಶೀಲನೆ ಕೋರಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿದ್ದರೆ ಆ 14 ದಿನದ ಬಗ್ಗೆ ವಾದಿಸಲು ಕಾಗದವಿರುತ್ತಿತ್ತು. ಫೋನಿನಲ್ಲಿ ಹೇಳಿದ್ದರಂತೆ. ಕರೆಂಟ್ ಇಲ್ಲದೆ ಘಟಕ ಪೂರ್ತಿ ನಿಂತಿದ್ದ ದಿನಗಳನ್ನು ಕಳೆಯಬೇಕೆಂಬ ಕೋರಿಕೆಯೂ ಇದೇ ಅರ್ಜಿಯಲ್ಲಿ ಇರಬೇಕಿತ್ತು.

ಮಂಡಳಿಗೆ ಹೀಗೆ ದುಡ್ಡು ವಸೂಲಿ ಮಾಡುವ ಅಧಿಕಾರವೇ ಇಲ್ಲ ಎಂಬ ಹಳೆಯ ವಾದ ಈಗ ಅಷ್ಟು ನಡೆಯದು. 2025ರ ಆಗಸ್ಟ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜಲ ಕಾಯ್ದೆಯ 33ಎ ಮತ್ತು ವಾಯು ಕಾಯ್ದೆಯ 31ಎ ಕಲಂಗಳಡಿ ಮಂಡಳಿಗಳು ಪರಿಹಾರ ವಿಧಿಸಬಹುದು, ಆದರೆ ಅದಕ್ಕೆ ನಿಯಮಗಳ ಚೌಕಟ್ಟು ಇರಬೇಕು, ಸಹಜ ನ್ಯಾಯ ಪಾಲಿಸಬೇಕು ಎಂದಿತು. ಕೇಳಬೇಕಾದ ಪ್ರಶ್ನೆ ಈಗ ಕ್ರಮದ್ದು: ಲೆಕ್ಕದ ಹಾಳೆ ಕೊಟ್ಟರೇ, ಅಹವಾಲು ಕೇಳಿದರೇ.

ಮತ್ತೆ ತೆರೆದದ್ದು

ಕರೆಂಟ್ ಇಲ್ಲದೆ ಇಟಿಪಿ ಸರಿಮಾಡಲು ಆಗುವುದಿಲ್ಲ. ತ್ಯಾಜ್ಯನೀರು ಇಲ್ಲದೆ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಅವು ಬೆಳೆಯದೆ ಫಲಿತಾಂಶ ಬರುವುದಿಲ್ಲ. ಹಾಗಾಗಿ ಕೇಳುವುದನ್ನು ಎರಡು ಹಂತದಲ್ಲಿ ಕೇಳಬೇಕು. ಮೊದಲು ಸಿವಿಲ್ ಕೆಲಸಕ್ಕೂ ಇಟಿಪಿಗೂ ಮಾತ್ರ ವಿದ್ಯುತ್. ಆಮೇಲೆ ಮಿತ ಉತ್ಪಾದನೆಗೆ ಷರತ್ತಿನ ಅನುಮತಿ. 60ನೇ ದಿನ ಘಟಕ ಕೊಟ್ಟ ಎರಡನೇ ಉತ್ತರದಲ್ಲಿ ಮಹಜರಿನ ಒಂದೊಂದು ಅಂಶಕ್ಕೆ ಒಂದೊಂದು ಪ್ಯಾರಾ ಇತ್ತು: ಚರಂಡಿ ಜೋಡಣೆ ಕಿತ್ತು ಸಿಮೆಂಟ್ ಹಾಕಿದ ಫೋಟೋ, ಮೂರು ಯಂತ್ರಗಳ ಪವರ್ ಕೇಬಲ್ ಬಿಚ್ಚಿದ ಫೋಟೋ, ತೊಟ್ಟಿ ಗುತ್ತಿಗೆಯ ಆದೇಶ ಮತ್ತು ಮುಂಗಡ ಪಾವತಿ, ಹೊಸ ನೀರಿನ ಸಮತೋಲನ ಪಟ್ಟಿ. 71ನೇ ದಿನ 4 ಯಂತ್ರ, 30 ಕಿಲೋಲೀಟರ್ ಮಿತಿಯಲ್ಲಿ ತಾತ್ಕಾಲಿಕ ಅನುಮತಿ ಸಿಕ್ಕಿತು.

ಹೊಸ ಇಟಿಪಿ ಎಷ್ಟು ದೊಡ್ಡದಿರಬೇಕು? 73ಕ್ಕೆ ಕಟ್ಟುವ ಬದಲು 73ನ್ನೇ ಇಳಿಸಿದರು. ಬಾತ್ ಕಿಲೋಗೆ 8ರಿಂದ 6 ಲೀಟರಿಗೆ ಬಂತು, ಪೀಸಿಗೆ 3.6. ಕೊನೆಯ ತೊಳೆತದ ನೀರು ಹೆಚ್ಚುಕಡಿಮೆ ಶುದ್ಧವೇ. ಅದನ್ನು ಹಿಡಿದು ಮುಂದಿನ ಲಾಟಿನ ಡಿಸೈಜ್‌ಗೆ. ಸಾದಾ ಲಾಟಿನಲ್ಲಿ ಒಂದು, ಬ್ಲೀಚ್ ಲಾಟಿನಲ್ಲಿ ಎರಡು ಬಾತ್ ಹೀಗೆ ಉಳಿದವು. 1,200 ಪೀಸಿಗೆ 25.9, 600ಕ್ಕೆ 19.4, ಒಟ್ಟು 45. ಪೀಸು ಅಷ್ಟೇ, ಟ್ಯಾಂಕರ್ ಮೂರರಿಂದ ಒಂದಕ್ಕೆ ಇಳಿಯುವಷ್ಟು ಉಳಿತಾಯ. ನೆಲ, ಬಾಯ್ಲರ್ ಸೇರಿ ಇಟಿಪಿಗೆ 47, ಸಾಮರ್ಥ್ಯ 60.

ಸಮೀಕರಣ ತೊಟ್ಟಿಯ ಗಾತ್ರಕ್ಕೆ ಕನ್ಸಲ್ಟೆಂಟ್ ಕೊಟ್ಟ "ಎಂಟು ಗಂಟೆ" ಎಂಬ ಸಿದ್ಧ ಅಂಕಿಗಿಂತ ಇದು ನೇರ: ನೀರು ಬರುವುದು 12 ಗಂಟೆ, ಗಂಟೆಗೆ 3.9, ಇಟಿಪಿ ಓಡುವುದು 20 ಗಂಟೆ, ಗಂಟೆಗೆ 2.35. ವ್ಯತ್ಯಾಸ 12 ಗಂಟೆಯಲ್ಲಿ ಸುಮಾರು 19 ಕಿಲೋಲೀಟರ್ ನಿಲ್ಲುತ್ತದೆ. ಒಂದಿಷ್ಟು ಕೈ ಬಿಟ್ಟು 25. ಅದಕ್ಕೂ ಮೊದಲು ನೂಲು ಹಿಡಿಯುವ ಜಾಲರಿ, ಮರಳಿನ ಎರಡು ಗುಂಡಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ ಖಾಲಿ ಮಾಡಲು.

ಸೂಕ್ಷ್ಮಜೀವಿ ಬೆಳೆಸಲು ಏರೇಷನ್ ತೊಟ್ಟಿಗೆ ಸಗಣಿ ಸುರಿಯುವ ರೂಢಿ ಎಲ್ಲ ಕಡೆ ಇದೆ. ಕೆಲಸ ಮಾಡುತ್ತದೆ, ನಿಧಾನ, ನಾರು ಪಂಪಿಗೆ ಸಿಕ್ಕುತ್ತದೆ. ಚೆನ್ನಾಗಿ ನಡೆಯುತ್ತಿರುವ ಕೊಳಚೆ ನೀರು ಸಂಸ್ಕರಣಾ ಘಟಕದಿಂದ ಒಂದು ಟ್ಯಾಂಕರ್ ಜೀವಂತ ಸ್ಲಡ್ಜ್ ತಂದರೆ ವಾರ ಉಳಿಯುತ್ತದೆ. ಬಿಒಡಿ 300ರಂತೆ ದಿನಕ್ಕೆ 14 ಕಿಲೋ ಬಂದರೆ ನೂರಕ್ಕೆ ಐದು ಸಾರಜನಕ, ಒಂದು ರಂಜಕ: ಒಂದೂವರೆ ಕಿಲೋ ಯೂರಿಯಾ, ಮುಕ್ಕಾಲು ಕಿಲೋ ಡಿಎಪಿ. ಜವಳಿ ನೀರಿನಲ್ಲಿ ಇವು ತಾವಾಗಿ ಇರುವುದಿಲ್ಲ, ಕೊಡದಿದ್ದರೆ ಸ್ಲಡ್ಜ್ ನೂಲುನೂಲಾಗಿ ಮೇಲೆ ತೇಲುತ್ತದೆ. ಮೀಟರ್ ವಿದ್ಯುತ್ಕಾಂತೀಯದ್ದೇ ಇರಲಿ, ಚಕ್ರದ ಮೀಟರ್ ನೂಲು ಸುತ್ತಿಕೊಂಡು ನಿಲ್ಲುತ್ತದೆ. ಪೈಪು ಯಾವಾಗಲೂ ತುಂಬಿರುವ ಕಡೆ ಕೂರಿಸಬೇಕು.

ಸ್ಲಡ್ಜ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಒಂದನೇ ಅನುಸೂಚಿಯ 35.3ನೇ ನಮೂದು. ವರ್ಷಕ್ಕೆ 10 ಟನ್ ಮೀರುವುದರಿಂದ 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಛಾವಣಿ, ಸಿಮೆಂಟ್ ನೆಲ, ನಮೂನೆ 8ರ ಲೇಬಲ್, ಸಾಗಿಸುವಾಗ ನಮೂನೆ 10, ಜೂನ್ 30ರೊಳಗೆ ನಮೂನೆ 4ರ ವಾರ್ಷಿಕ ವಿವರ. ಹಿಂದೆ ಇಟ್ಟಿಗೆ ಭಟ್ಟಿಯವರು ಪುಕ್ಕಟೆ ಒಯ್ಯುತ್ತಿದ್ದರು; ಅದು ಒಯ್ದವರಿಗೂ ಕೊಟ್ಟವರಿಗೂ ಉಲ್ಲಂಘನೆ. ಸೆಪ್ಟೆಂಬರ್ 30ಕ್ಕೆ ನಮೂನೆ 5ರ ಪರಿಸರ ಹೇಳಿಕೆ ಬೇರೆ. ನೀರಿನ ಸೆಸ್ ನಮೂನೆ ಕೆಲವರ ಫೈಲಿನಲ್ಲಿ ಇನ್ನೂ ಇರುತ್ತದೆ, ಅದು 2017ರಲ್ಲೇ ಹೋಗಿದೆ. ಬಾಯ್ಲರ್‌ಗೆ ಸಮ್ಮತಿಯಲ್ಲಿ ಶೇಂಗಾ ಹೊಟ್ಟು ಎಂದಿದ್ದರೆ ಕಟಿಂಗ್ ಚಿಂದಿ ಉರಿಸಬಾರದು.

ಉಪ್ಪು

118ನೇ ದಿನದ ಮಾದರಿಯಲ್ಲಿ ಎಲ್ಲ ಪಾಸು, ಟಿಡಿಎಸ್ ಒಂದು ಬಿಟ್ಟು: 2,700. ಕರಗಿದ ಉಪ್ಪನ್ನು ಇಂಥ ಯಾವ ಇಟಿಪಿಯೂ ತೆಗೆಯುವುದಿಲ್ಲ, ಸುಣ್ಣ ಫೆರಸ್ ಹಾಕಿ ಇನ್ನಷ್ಟು ಸೇರಿಸುತ್ತದೆ. ಕೊಳವೆಬಾವಿ ನೀರೇ 1,400. ಕೆಮಿಕಲ್‌ಗಳು ಸೇರಿಸಿದ್ದು 1,300. ಟ್ಯಾಂಕರ್ ನೀರು ಬೆರೆಸಿ ತೆಳು ಮಾಡುವುದು ಸಂಸ್ಕರಣೆ ಎನಿಸಿಕೊಳ್ಳದು.

ಆರ್‌ಒ ಹಾಕಿಬಿಡಿ ಎನ್ನುವುದು ಎಲ್ಲರೂ ಕೊಡುವ ಸಲಹೆ. 45 ಕಿಲೋಲೀಟರ್ ಹಾಯಿಸಿ ಶೇ 70 ಶುದ್ಧ ನೀರು ತೆಗೆದರೆ 13.5 ಕಿಲೋಲೀಟರ್ ರಿಜೆಕ್ಟ್ (ಉಪ್ಪೆಲ್ಲ ಉಳಿದ ನೀರು), ಟಿಡಿಎಸ್ 9,000. ಬಳ್ಳಾರಿ ಬಿಸಿಲಿನಲ್ಲಿ ಒಣಗಿಸೋಣ ಎಂದರೆ ದಿನಕ್ಕೆ 5 ಮಿ.ಮೀ. ಆವಿಯಂತೆ 2,700 ಚದರ ಮೀಟರ್ ಹೊಂಡ, ಒಂದು ಎಕರೆಯ ಮೂರನೇ ಎರಡು ಭಾಗ. ಘಟಕದ ನಿವೇಶನವೇ ಅಷ್ಟಿಲ್ಲ. ಮೂರು ಹಂತದ ಇವಾಪರೇಟರ್‌ಗೆ ದಿನಕ್ಕೆ ನಾಲ್ಕೂವರೆ ಟನ್ ಉಗಿ, ಇರುವ ಒಂದೂವರೆ ಟನ್ನಿನ ಬಾಯ್ಲರ್ ಅದಕ್ಕೆಂದೇ ಮೂರು ಗಂಟೆ ಉರಿಯಬೇಕು. ಇಂಥ ಘಟಕಗಳಿಗೆ ಸಾಮೂಹಿಕ ಸಂಸ್ಕರಣಾ ಘಟಕ ಬೇಕೆನ್ನುವುದು ಈ ಲೆಕ್ಕದಿಂದಲೇ.

ಘಟಕ ಹಿಡಿದದ್ದು ಉಪ್ಪನ್ನು ಮೂಲದಲ್ಲೇ ಕಡಿಮೆ ಮಾಡುವ ದಾರಿ. ಬಟ್ಟೆಗೆ ಬಳಸುವ ನೀರಿನಲ್ಲಿ ಅರ್ಧ, 600 ಟಿಡಿಎಸ್‌ನ ಸಿಹಿನೀರು; ಸರಾಸರಿ 1,000ಕ್ಕೆ ಇಳಿಯಿತು. ಟ್ಯಾಂಕರ್ ಉಳಿತಾಯ ಇಲ್ಲಿ ವಾಪಸ್ ಹೋಯಿತು. ಉಪ್ಪು ಬೇಡುವ ರಿಯಾಕ್ಟಿವ್ ಟಿಂಟ್ ನಿಲ್ಲಿಸಿ, ಬ್ಲೀಚ್ ಅಳತೆ ತೂಗಿ ಹಾಕಿ, ಸುಣ್ಣದ ಡೋಸನ್ನು ಜಾರ್ ಟೆಸ್ಟ್ ಪ್ರಕಾರ ಇಳಿಸಿದ ಮೇಲೆ ತಿಂಗಳ ವರದಿಗಳು 2,240, 2,130, 2,060. ನಾಲ್ಕನೆಯದು ಏಪ್ರಿಲ್. ಕೊಳವೆಬಾವಿ ತಳ ಹಿಡಿದು ಅದರ ನೀರೇ 1,700 ದಾಟಿತ್ತು; ಔಟ್‌ಲೆಟ್ 2,310. ಅಂಥ ದಿನಗಳಿಗೆಂದು ಔಟ್‌ಲೆಟ್‌ನಲ್ಲಿ 300 ರೂಪಾಯಿಯ ಕೈ ಮೀಟರ್ ಕಟ್ಟಿದ್ದಾರೆ. 2,100 ದಾಟಿದರೆ ಹೊರಗಿನ ವಾಲ್ವ್ ಮುಚ್ಚಿ, ನೀರನ್ನು ಹಿಡಿದಿಡುವ ತೊಟ್ಟಿಗೆ ತಿರುಗಿಸಿ, ಬ್ಲೀಚ್ ಲಾಟುಗಳನ್ನು ಮರುದಿನಕ್ಕೆ ತಳ್ಳುತ್ತಾರೆ. ತೊಟ್ಟಿ ಒಂದು ದಿನದ್ದು.